ಹುಲ್ಲಿನ ಮಿಷನ್ನೂ ಪುಷ್ಪಾವತಿಯ ಸಂಶಯವೂ

ಪುಷ್ಪಾವತಿ ಮೀನು ಕೊಳ್ಳುವುದನ್ನು ಒಮ್ಮೆ ನೋಡಬೇಕು. ಶಿರಿಯದಿಂದ ಸ್ಕೂಟರಿನಲ್ಲಿ ಮೀನು ತರುವ ಸುಕುಮಾರ ಗೇಟಿನ ಹೊರಗೆ ಹಾರ್ನ್ ಹೊಡೆದರೆ ಸಾಕು, ಅಕ್ಕಪಕ್ಕದ ಹೆಂಗಸರು ಪಾತ್ರೆ ಹಿಡಿದು ಬಂದು, ಬಂಗುಡೆಯೋ ಬೂತಾಯಿಯೋ ಕೊಂಡುಹೋಗಿ, ತೊಳೆದು, ಮಸಾಲೆ ಅರೆಯಲು ಕೂತಿರುತ್ತಾರೆ. ಇವಳ ಪರೀಕ್ಷೆ ಮಾತ್ರ ಇನ್ನೂ ನಡೆಯುತ್ತಿರುತ್ತದೆ. ಕಿವಿರು ಎತ್ತಿ ನೋಡಬೇಕು, ಹೊಟ್ಟೆ ಒತ್ತಿ ನೋಡಬೇಕು, ಮೇಲಿನ ಮೀನು ಸರಿಸಿ ಅಡಿಯದ್ದನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿಯಬೇಕು. "ಅಕ್ಕಾ, ಮೀನು ಸತ್ತದ್ದೇ. ಇನ್ನು ಅದರಲ್ಲಿ ಎಂತ ನೋಡ್ಲಿಕ್ಕುಂಟು?" ಎಂದು ಸುಕುಮಾರ ಗೋಗರೆದರೆ, "ಯಾವತ್ತು ಸತ್ತದ್ದು ಅಂತ ನೋಡ್ಲಿಕ್ಕುಂಟು" ಅನ್ನುತ್ತಾಳೆ.

ಹುಟ್ಟಿದಾಗಿನಿಂದ ಅವಳು ಹೀಗಿದ್ದವಳಲ್ಲ. ಮದುವೆಯಾಗಿ ತಿಂಗಳು ತುಂಬುವ ಮೊದಲೇ ಗಂಡ ಮಹಾಬಲ ರಜೆ ಮುಗಿಯಿತೆಂದು ಶಾರ್ಜಾದ ವಿಮಾನ ಹತ್ತಿದ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅರ್ಧ ಎದ್ದ ಮನೆ, ಹಾಸಿಗೆ ಹಿಡಿದ ಅತ್ತೆ, ಆಮೇಲೆ ಹುಟ್ಟಿದ ಮಗಳು ತೃಷಾ, ಎಲ್ಲವೂ ಇವಳ ತಲೆಗೆ ಬಂತು. ಗಂಡ ಗಲ್ಫಿನಲ್ಲಿದ್ದಾನೆ ಅಂದರೆ ಊರಿನವರ ಕಣ್ಣಿಗೆ ಆ ಮನೆಯ ಹೆಂಗಸು ಬೀಗವಿಲ್ಲದ ಕಪಾಟು. ಮೇಸ್ತ್ರಿ ಸಿಮೆಂಟು ಕದ್ದು ಸಾಗಿಸಿದ, ಬೋರ್‌ವೆಲ್‌ನವನು ಕೊರೆಯದ ಆಳಕ್ಕೂ ಲೆಕ್ಕ ಬರೆದ, ತೆಂಗಿನಕಾಯಿ ಕೊಯ್ಯುವವನು ಮರದ ಮೇಲಿಂದಲೇ ಬೇಲಿಯಾಚೆಗೆ ಕಾಯಿ ಎಸೆದ. ಒಂದೊಂದು ಮೋಸವೂ ಅವಳಿಗೆ ಒಂದೊಂದು ಪಾಠ ಕಲಿಸಿತು. ಈಗ ಊರಿನ ಹೆಂಗಸರ ಕುಟುಂಬಶ್ರೀ ಸಂಘದವರು ಅವಳನ್ನು ಅಧ್ಯಕ್ಷೆ ಸ್ಥಾನದಿಂದ ಇಳಿಸಲು ಒಪ್ಪುವುದಿಲ್ಲ. ಅವಳು ಇರುವಷ್ಟು ದಿನ ಸಂಘದ ಒಂದು ಚಹಾ ಕೂಡ ಯಾರ ಹೊಟ್ಟೆಗೂ ಪುಕ್ಕಟೆ ಇಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಇದೆಲ್ಲ ಹೊರಗಿನವರ ಮೇಲಿನ ಸಂಶಯ. ಮನೆಯೊಳಗೆ ಅವಳು ಯಾರಿಗೂ ಹೇಳದೆ ಸಾಕಿಕೊಂಡು ಬಂದ ಸಂಶಯ ಬೇರೆಯೇ ಒಂದಿತ್ತು. ಅದು ಮಹಾಬಲನ ಮೇಲಿನದು.

ಹುಡುಗ ಶಾರ್ಜಾದ ಒಂದು ಕಂಪೆನಿಯ ಆಫೀಸಿನಲ್ಲಿದ್ದಾನೆ ಎಂದು ಹೇಳಿಯೇ ಮದುವೆ ಮಾಡಿದ್ದು. ಆದರೆ ಪ್ರತಿ ಸಲ ರಜೆಯಲ್ಲಿ ಬಂದಾಗಲೂ ಅವನ ಕುತ್ತಿಗೆ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿರುತ್ತಿತ್ತು, ಹಣೆ ಮಾತ್ರ ಬೆಳ್ಳಗೆ. ಎ.ಸಿ.ಯಲ್ಲಿ ಕೂತವನ ಕುತ್ತಿಗೆ ಸುಡುವುದು ಹೇಗೆ? ಕೇಳಿದರೆ "ಆಗಾಗ ಸೈಟಿಗೆ ಹೋಗ್ಲಿಕ್ಕುಂಟು" ಅನ್ನುತ್ತಿದ್ದ. ಅಂಗೈ ಗಟ್ಟಿಯಾಗಿತ್ತು. ಅದಕ್ಕೆ ಜಿಮ್ಮಿನ ಕಾರಣ. ಇನ್ನು ಅವನು ಕಳಿಸುತ್ತಿದ್ದ ಫೋಟೋಗಳು. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಯಾವಾಗಲೂ ಹಸಿರು ಹುಲ್ಲಿನ ಮೇಲೆ ನಿಂತಿರುತ್ತಿದ್ದ. ಆ ಫೋಟೋ ತೆಗೆದವರು ಯಾರು? ಪುಷ್ಪಾವತಿ ಅಂಚಂಚನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದಳು, ಎಲ್ಲಾದರೂ ಹೆಂಗಸಿನ ನೆರಳು ಬಿದ್ದಿದೆಯೋ ಎಂದು. ಅಷ್ಟು ಒಳ್ಳೆಯ ತೋಟದ ಮನೆ ಅಲ್ಲಿ ಯಾರದ್ದು, ಇವನಿಗೆ ಅಲ್ಲೇನು ಕೆಲಸ ಎಂದು ಯೋಚಿಸುತ್ತಿದ್ದಳು.

ನೇರವಾಗಿ ಮಾತ್ರ ಎಂದೂ ಕೇಳಲಿಲ್ಲ. ಮೀನಿನವನನ್ನು ಗೇಟಿನಲ್ಲೇ ನಿಲ್ಲಿಸಿ ಬೆವರಿಳಿಸುವ ಹೆಂಗಸಿಗೆ ಗಂಡನೆದುರು ಆ ಒಂದು ಮಾತು ಬಾಯಿಗೆ ಬರುತ್ತಿರಲಿಲ್ಲ. ಕೇಳಿದ ಮೇಲೆ ಅವನು "ಹೌದು" ಅಂದುಬಿಟ್ಟರೆ? ಪ್ರಾಯವನ್ನೆಲ್ಲ ಸುರಿದು ಕಟ್ಟಿದ ಈ ಸಂಸಾರ ತನ್ನೊಬ್ಬಳದೇ ಅಲ್ಲ ಎಂದಾದರೆ? ಆ ಹೆದರಿಕೆ ಅವಳಿಗೆ ನಿಜವಾಗಿ ಇತ್ತು. ಮಹಾಬಲ ಕೆಲಸ ಬಿಟ್ಟು ಊರಿಗೆ ಬಂದು ಕೂತ ಮೇಲಾದರೂ ಅದು ಹೋಗಬೇಕಿತ್ತು, ಹೋಗಲಿಲ್ಲ. ಮನುಷ್ಯ ದಿನಾ ಬೆಳಿಗ್ಗೆ ಬೇಗ ಎದ್ದು ಅಂಗಳದಲ್ಲಿ ಬರಿಗಾಲಲ್ಲಿ ನಿಂತು, ಯಾರನ್ನೋ ನೆನೆಸಿಕೊಳ್ಳುವವನ ಹಾಗೆ ನೆಲ ನೋಡುತ್ತಿದ್ದ. ಯಾರನ್ನು?

ಹೀಗಿರುವಾಗ ಅಣ್ಣ ಭುಜಂಗನ ಮಗ ರೋಶನ್ ಫೋನ್ ಮಾಡಿದ.

ರೋಶನ್ ಶಿರಿಯ ಹೊಳೆಯ ಬದಿಯ ತೆಂಗಿನ ತೋಟವನ್ನು ಮಟ್ಟ ಮಾಡಿ, ಚಾಪೆ ಚಾಪೆಯಾಗಿ ಮೆಕ್ಸಿಕನ್ ಹುಲ್ಲು ಹಾಸಿ, ಮದುವೆ ರಿಸೆಪ್ಶನ್ನಿಗೆ ಬಾಡಿಗೆಗೆ ಕೊಡುವ ಲಾನ್ ಮಾಡಿದ್ದ. ಈಗಿನ ಮಕ್ಕಳಿಗೆ ಹಾಲ್ ಬೇಡ, ಹೊಳೆ ಬೇಕು, ಹುಲ್ಲು ಬೇಕು, ಹುಲ್ಲಿನ ಮೇಲೆ ಮದುಮಗಳ ಲೆಹೆಂಗಾ ಹರಡಿ ಡ್ರೋನಿನಲ್ಲಿ ಫೋಟೋ ತೆಗೆಯಬೇಕು. ಅಡಿಕೆ ತೋಟದ ಕಳೆ ಹೊಡೆಯುವ ಮಿಷನಿನಿಂದ ಯಾರೋ ಹುಲ್ಲು ಸವರಿ, ಅಲ್ಲಲ್ಲಿ ಮಣ್ಣು ಕಾಣುವ ಹಾಗೆ ಬೋಳಿಸಿಟ್ಟಿದ್ದರು. ಮೊದಲ ರಿಸೆಪ್ಶನ್ ಹತ್ತಿರ ಬರುತ್ತಿತ್ತು. "ಅತ್ತೆ, ಲಾನಿಗೆ ಅಂತಲೇ ಬೇರೆ ಮಿಷನ್ ಉಂಟಂತೆ. ಕಾಸರಗೋಡಿನ ಅಂಗಡಿಗೆ ಹೋಗುವ. ನೀವಿದ್ರೆ ನನಗೆ ಟೋಪಿ ಹಾಕ್ಲಿಕ್ಕೆ ಯಾರಿಗೂ ಆಗುದಿಲ್ಲ. ಮಾವನನ್ನೂ ಕರ್ಕೊಂಡು ಬನ್ನಿ, ಗಲ್ಫಿನಲ್ಲಿ ಇಂಥದ್ದೆಲ್ಲ ನೋಡಿರ್ತಾರೆ."

"ನಾನು ಎಂತಕ್ಕೆ?" ಎಂದ ಮಹಾಬಲ, ಪೇಪರಿನಿಂದ ತಲೆ ಎತ್ತದೆ. "ನನಗೆ ಮಿಷನಿನ ವಿಷಯ ಎಂತ ಗೊತ್ತುಂಟು? ನೀವೇ ಹೋಗಿ ಬನ್ನಿ."

ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು. ಮದುವೆಗೆ, ತಿಥಿಗೆ, ಊರಿನ ಯಾವ ಸಭೆಗೆ ಕರೆದರೂ ಮೊದಲೇ ಚಪ್ಪಲಿ ಮೆಟ್ಟಿ ನಿಲ್ಲುವ ಗಂಡ ಹುಲ್ಲಿನ ಮಿಷನ್ ಅಂದ ಕೂಡಲೇ ಹಿಂಜರಿದದ್ದು ಯಾಕೆ? ಪುಷ್ಪಾವತಿ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕೈಗೆ ಕೊಟ್ಟಳು.

ಅಂಗಡಿಯಲ್ಲಿ ಇದ್ದವನು ಲತೇಶ್ ಎಂಬ ಮಾತುಗಾರ. ಇಂಥವರನ್ನು ಕಂಡರೆ ಪುಷ್ಪಾವತಿಗೆ ಮೈಯೆಲ್ಲ ಕಣ್ಣು. ಅವನು ಎರಡು ಬಗೆಯ ಮಿಷನ್ ತೋರಿಸಿದ. ಒಂದರ ಅಡಿಯಲ್ಲಿ ಫ್ಯಾನಿನ ಹಾಗೆ ತಿರುಗುವ ಬ್ಲೇಡು, ಅದು ಹುಲ್ಲನ್ನು ಬಡಿದು ಹರಿಯುತ್ತದೆ. ಇನ್ನೊಂದಕ್ಕೆ ಉರುಳೆ. ಉರುಳೆಯ ಸುತ್ತ ಓರೆಯಾಗಿ ಸುತ್ತಿದ ಬ್ಲೇಡುಗಳು, ಅಡಿಯಲ್ಲಿ ಕದಲದ ಒಂದು ಪಟ್ಟಿ, ಎರಡರ ನಡುವೆ ಸಿಕ್ಕಿದ ಹುಲ್ಲನ್ನು ಕತ್ತರಿಯ ಹಾಗೆ ಕತ್ತರಿಸುತ್ತದೆ. ಅದರ ವಿಶೇಷ ಎಂದರೆ ಎಂಜಿನ್ನೂ ಹಿಡಿಯೂ ಒಂದೇ, ಉರುಳೆ ಇರುವ ಮುಂದಿನ ಪೆಟ್ಟಿಗೆ ಮಾತ್ರ ಬೇಕಾದ ಹಾಗೆ ಬದಲಾಯಿಸಬಹುದು. ಐದು ಬ್ಲೇಡಿನದು ಉಂಟು, ಹತ್ತು ಬ್ಲೇಡಿನದು ಉಂಟು, ಬುಡದ ಒಣ ಹುಲ್ಲು ಬಾಚುವ ಹಲ್ಲಿನ ಪೆಟ್ಟಿಗೆ ಉಂಟು, ಬ್ರಷ್ ಉಂಟು.

"ದೋಸೆಗೆ ಒಂದು ಜಾರು, ಚಟ್ನಿಗೆ ಒಂದು ಜಾರು, ಮಿಕ್ಸಿ ಒಂದೇ. ಹಾಗೆ, ಅಕ್ಕ," ಎಂದ ಲತೇಶ್.

"ನಮ್ಮ ಮನೆಯಲ್ಲಿ ದೋಸೆಗೆ ಗ್ರೈಂಡರ್," ಎಂದಳು ಪುಷ್ಪಾವತಿ. ಅವನಿಗೆ ಒಂದಿಷ್ಟೂ ಜಾಗ ಕೊಡಬಾರದೆಂದು.

ರೋಶನ್ ಬಗ್ಗಿ, ಉರುಳೆ ಎಷ್ಟು ಹರಿತವಿದೆ ನೋಡುವ ಎಂದು ಬ್ಲೇಡುಗಳ ನಡುವೆ ಬೆರಳು ಹಾಕಿದ. ಆ ತನಕ ಬಾಗಿಲ ಹತ್ತಿರ ನಿಂತು ರಸ್ತೆ ನೋಡುತ್ತಿದ್ದ ಮಹಾಬಲ ಅದ್ಯಾವಾಗ ಬಂದನೋ, ಹುಡುಗನ ಮಣಿಕಟ್ಟನ್ನು ಹಿಡಿದು ಹಿಂದಕ್ಕೆಳೆದ. "ಬೆರಳು ಹಾಕ್ಬೇಡ! ಇಲ್ಲಿ ಒಂದನ್ನು ಮುಟ್ಟಿದ್ರೆ ಆಚೆಯದ್ದು ಬಂದು ಕೊಯ್ತದೆ!" ಅವನ ಇನ್ನೊಂದು ಕೈ ಉರುಳೆಯ ತುದಿಯ ಗಾಲಿಯ ಮೇಲೆ ಹೋಗಿ, ಅದನ್ನು ಹಿಂದುಮುಂದಾಗಿ ಮೆಲ್ಲಗೆ ತಿರುಗಿಸಿತು. ಕಿವಿ ಸ್ವಲ್ಪ ವಾಲಿತು. ತೊಟ್ಟಿಲಿನ ಮಗುವಿನ ಉಸಿರು ಕೇಳುವವನ ಹಾಗೆ ಕೇಳಿದ.

"ಸಾರ್ ಇದರಲ್ಲಿ ಕೆಲಸ ಮಾಡಿದ್ದುಂಟಾ?" ಎಂದ ಲತೇಶ್.

ಮಹಾಬಲ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ತೆಗೆದ. "ಛೆ, ಎಲ್ಲಿಂದ? ನೋಡಿದ್ರೆ ಗೊತ್ತಾಗುದಿಲ್ವಾ?" ಎಂದು ನಕ್ಕ. ಪುಷ್ಪಾವತಿಗೆ ಗಂಡನ ನಗುವಿನಲ್ಲಿ ಯಾವುದು ನಿಜದ್ದು, ಯಾವುದು ಹಚ್ಚಿಕೊಂಡದ್ದು ಎಂಬುದು ಚೆನ್ನಾಗಿ ಗೊತ್ತು. ಇದು ಹಚ್ಚಿಕೊಂಡದ್ದು.

ಪೆಟ್ಟಿಗೆ ಯಾವುದು ಬೇಕೆಂಬ ಪ್ರಶ್ನೆ ಬಂತು. ಲತೇಶ್ ಐದು ಬ್ಲೇಡಿನದೇ ಸಾಕು ಅಂದ, ಅದೇ ಹೆಚ್ಚು ಹೋಗುವುದು, ಸ್ಟಾಕೂ ಉಂಟು ಅಂದ. ಸ್ಟಾಕು ಉಂಟೆಂದು ಹೇಳಿದಾಗಲೇ ಪುಷ್ಪಾವತಿಗೆ ಗುಮಾನಿ ಬಂದಿತ್ತು. ರೋಶನ್ ಮಾವನ ಮುಖ ನೋಡಿದ. ಮಹಾಬಲನ ಕಣ್ಣು ಹತ್ತು ಬ್ಲೇಡಿನ ಉರುಳೆಯ ಮೇಲೆ ಒಂದು ಗಳಿಗೆ ನಿಂತು, ಹೆಂಡತಿಯ ಕಡೆ ಬಂದು, ಕೆಳಗೆ ಇಳಿಯಿತು. "ಅವರು ಹೇಳಿದ ಹಾಗೆ ಮಾಡು. ಐದರದ್ದೇ ಆಗ್ಬಹುದು" ಅಂದ. ರೋಶನ್ ಅದನ್ನೇ ಕೊಂಡ.

ಬಸ್ಸಿನಲ್ಲಿ ಬರುವಾಗ ಹೆದ್ದಾರಿ ಕೆಲಸದ ಧೂಳು ಕಿಟಕಿಯಿಂದ ಒಳಗೆ ಬರುತ್ತಿತ್ತು. ಪುಷ್ಪಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದೇ ಯೋಚಿಸಿದಳು. ಈ ಮನುಷ್ಯನಿಗೆ ಮಿಷನ್ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದ. ಯಾರ ಅಂಗಳದಲ್ಲಿ ಕಲಿತದ್ದು?

ವಾರ ಕಳೆಯಲಿಲ್ಲ, ರೋಶನ್ ಫೋನಿನಲ್ಲಿ ಅಳುವ ದನಿ ತೆಗೆದ. ಲಾನಿನ ತುಂಬ ಏರು ತಗ್ಗಿನ ಪಟ್ಟಿ ಬಿದ್ದಿತ್ತು, ಮರಳಿನ ಮೇಲೆ ಸಮುದ್ರದ ನೀರು ಹೋದ ಮೇಲೆ ಕಾಣುವ ಹಾಗೆ. ಹುಲ್ಲಿನ ತುದಿ ಕಂದಿತ್ತು. ಪುಷ್ಪಾವತಿ ಫೋನನ್ನು ಸ್ಪೀಕರಿಗೆ ಹಾಕಿ ಗಂಡನ ಮುಖವನ್ನೇ ನೋಡಿದಳು. ಮಹಾಬಲ ತಟ್ಟೆಯಲ್ಲಿದ್ದ ನೀರುದೋಸೆಯನ್ನು ಚೂರು ಚೂರು ಮಾಡಿದ, ತಿನ್ನಲಿಲ್ಲ.

ಮರುದಿನ "ಅಕ್ಷಯ ಕೇಂದ್ರಕ್ಕೆ ಹೋಗಿ ಬರ್ತೇನೆ, ಗಲ್ಫಿನಿಂದ ಬಂದವರಿಗೆ ಕೊಡುವ ಪ್ರವಾಸಿ ಪೆನ್ಶನಿನ ಎಂತದೋ ಕೇಳ್ಲಿಕ್ಕುಂಟು" ಎಂದು ಹೊರಟ. ಸರಕಾರಿ ಅರ್ಜಿ ತುಂಬುವ ಆ ಅಕ್ಷಯ ಕೇಂದ್ರ ಇರುವುದು ಕುಂಬಳೆ ಪೇಟೆಯಲ್ಲಿ. ಆಟೋ ಓಡಿಸುವ ಉಗ್ಗಪ್ಪ ಮಧ್ಯಾಹ್ನ ಗೇಟಿನ ಹತ್ತಿರ ನಿಲ್ಲಿಸಿ, "ಯಜಮಾನ್ರು ಕಾಸರಗೋಡು ಬಸ್ಸು ಹತ್ತಿದ್ರಲ್ಲ ಅಕ್ಕ, ಆಸ್ಪತ್ರೆಗಾ?" ಎಂದು ಕೇಳಿದ. "ಹೌದು, ಹಲ್ಲುನೋವು" ಅಂದಳು ಪುಷ್ಪಾವತಿ. ಗಂಡನ ಮೇಲೆ ಎಷ್ಟು ಸಂಶಯವಿದ್ದರೂ ಉಗ್ಗಪ್ಪನಿಗೆ ಅದರ ವಾಸನೆ ಬಡಿಯಬಾರದಲ್ಲ.

ಸಂಜೆ ಮಹಾಬಲ ಹಿಂದಿನ ಗೇಟಿನಿಂದ ಬಂದ. ಸೌದೆ ಕೊಟ್ಟಿಗೆಯಲ್ಲಿ ಏನೋ ಭಾರದ್ದು ಇಳಿಸಿದ ಸದ್ದಾಯಿತು. ಅವನು ಸ್ನಾನಕ್ಕೆ ಹೋದಾಗ ಪುಷ್ಪಾವತಿ ಹೋಗಿ, ತೆಂಗಿನ ಸೋಗೆಯಡಿ ಮುಚ್ಚಿಟ್ಟ ಗೋಣಿ ಬಿಚ್ಚಿ ನೋಡಿದಳು. ಒಳಗೆ ಉರುಳೆಯ ಪೆಟ್ಟಿಗೆ. ಬ್ಲೇಡುಗಳನ್ನು ಎಣಿಸಿದಳು. ಹತ್ತು.

ಗೋಣಿಯನ್ನು ಇದ್ದ ಹಾಗೆಯೇ ಮುಚ್ಚಿಟ್ಟಳು. ಅಂದರೆ ಅಂಗಡಿಯವನ ಜೊತೆ ಒಳಗಿಂದೊಳಗೆ ಮಾತಾಗಿದೆ. ಅಣ್ಣನ ಮಗನ ತಲೆಗೆ ಬೇಡದ ಮಾಲು ಕಟ್ಟಿಸಿ, ಒಳ್ಳೆಯದ್ದನ್ನು ಇವರು ಕಮಿಶನ್ನಾಗಿ ಪಡೆದಿದ್ದಾರೆ. ಯಾರಿಗೆ ಮಾರಲಿಕ್ಕೆ? ಅಥವಾ ಯಾರಿಗೆ ಕಳಿಸಲಿಕ್ಕೆ? ಅನ್ನ ಬಡಿಸುವಾಗ ಸಾರು ತಟ್ಟೆಯ ಹೊರಗೆ ಚೆಲ್ಲಿತು. "ಎಂತಾಯ್ತು ಪುಷ್ಪಾ?" ಎಂದ ಮಹಾಬಲ. "ಬಿಸಿ" ಅಂದಳು.

ಬೆಳಕು ಹರಿಯುವ ಹೊತ್ತಿಗೆ ಸ್ಕೂಟರ್ ಹೊರಟ ಸದ್ದು ಕೇಳಿತು. ಕೊಟ್ಟಿಗೆಯಲ್ಲಿ ಗೋಣಿ ಇರಲಿಲ್ಲ. ಪುಷ್ಪಾವತಿ ನೈಟಿಯ ಮೇಲೆ ಶಾಲು ಹೊದ್ದು ಉಗ್ಗಪ್ಪನಿಗೆ ಫೋನ್ ಮಾಡಿದಳು. ಈ ಸಲ ಹಲ್ಲುನೋವು ಅವಳಿಗೇ ಬಂತು. ಹೆದ್ದಾರಿಗೆ ಬಂದಾಗ ಮುಂದೆ ಮಹಾಬಲನ ಸ್ಕೂಟರ್ ಪೆಟ್ರೋಲ್ ಬಂಕಿನಿಂದ ಹೊರಟು ಸರ್ವಿಸ್ ರಸ್ತೆಯಲ್ಲಿ ಉತ್ತರಕ್ಕೆ ತಿರುಗುವುದು ಕಂಡಿತು. ಈ ಹೊತ್ತು ಎಲ್ಲ ತಿಳಿಯುತ್ತದೆ ಎಂದು ಅವಳಿಗೆ ಅನಿಸಿತು. ತಿಳಿಯದಿದ್ದರೇ ಒಳ್ಳೆಯದಿತ್ತೇನೋ ಎಂದೂ ಅನಿಸಿತು. ಆಟೋದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ಸ್ಕೂಟರ್ ನಿಂತದ್ದು ಶಿರಿಯದಲ್ಲಿ, ರೋಶನನ ಲಾನಿನ ಮುಂದೆ.

ಉಗ್ಗಪ್ಪನನ್ನು ರಸ್ತೆಯಿಂದಲೇ ಕಳಿಸಿ ಅವಳು ತೆಂಗಿನ ಮರಗಳ ಸಾಲು ಹಿಡಿದು ಒಳಗೆ ಬಂದಳು. ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಮಹಾಬಲ ಲುಂಗಿ ಮೇಲಕ್ಕೆ ಕಟ್ಟಿ, ಮಿಷನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಐದು ಬ್ಲೇಡಿನ ಪೆಟ್ಟಿಗೆ ಆಗಲೇ ಕಳಚಿ ಬದಿಗೆ ಬಿದ್ದಿತ್ತು. ಹೊಸದನ್ನು ಕೂರಿಸಿ, ಸ್ಕ್ರೂ ಒಂದಿಷ್ಟು ತಿರುಗಿಸಿ, ಪೇಪರಿನ ಒಂದು ಪಟ್ಟಿ ಹರಿದು ಉರುಳೆಗೂ ಅಡಿಯ ಪಟ್ಟಿಗೂ ನಡುವೆ ಹಿಡಿದು, ಗಾಲಿ ತಿರುಗಿಸಿ ನೋಡಿದ. ಪೇಪರು ಮಡಚಿತು. ಮತ್ತೆ ಸ್ಕ್ರೂ, ಮತ್ತೆ ಪೇಪರು. ಈ ಸಲ ಕಚಕ್ಕನೆ ನೀಟಾಗಿ ತುಂಡಾಯಿತು. ಅವನು ಎದ್ದು ಮಿಷನ್ ಚಾಲೂ ಮಾಡಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ, ಹುಲ್ಲಿನ ಏರು ತಗ್ಗಿನ ಪಟ್ಟಿಗಳಿಗೆ ಓರೆಯಾಗಿ. ತಿರುಗುವಾಗ ಹಿಡಿಯನ್ನು ಒಂದೇ ಕೈಯಲ್ಲಿ ಒತ್ತಿ ಮುಂಭಾಗ ಎತ್ತಿ ತಿರುಗಿಸಿದ. ಸೊಂಟನೋವು ಎಂದು ಮನೆಯಲ್ಲಿ ನೀರಿನ ಬಕೆಟ್ಟು ಎತ್ತದ ಮನುಷ್ಯ ಅಲ್ಲಿ ಇಪ್ಪತ್ತೈದರ ಹುಡುಗನ ಹಾಗೆ ನಡೆಯುತ್ತಿದ್ದ. ಅವನ ಹಿಂದೆ ಹುಲ್ಲು ಹಾಸಿದ ಬಟ್ಟೆಯಂತೆ ಸಮವಾಗುತ್ತಿತ್ತು.

ಮೂರನೆಯ ಸಾಲಿಗೆ ತಿರುಗಿದಾಗ ಎದುರು ಹೆಂಡತಿ ನಿಂತಿದ್ದಳು. ಅವನು ಮಿಷನ್ ಆರಿಸಿದ.

"ನಿಮಗೆ ಇದು ಹೇಗೆ ಗೊತ್ತು?" ಎಂದು ಕೇಳಿದಳು ಪುಷ್ಪಾವತಿ. ಇಷ್ಟು ವರ್ಷ ನುಂಗಿಕೊಂಡ ಪ್ರಶ್ನೆ ಕೊನೆಗೆ ಬಾಯಿಂದ ಬಂದದ್ದು ಹೀಗೆ.

ಮಹಾಬಲ ಆಚೀಚೆ ನೋಡಿದ. ಸುಳ್ಳು ಹುಡುಕುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಸಿಗಲಿಲ್ಲ.

"ಅಲ್ಲಿ ನಾನು ಮಾಡಿದ್ದು ಇದೇ," ಎಂದ. "ಆಫೀಸು ಗೀಫೀಸು ಎಂತದೂ ಇರ್ಲಿಲ್ಲ. ಗಾಲ್ಫ್ ಆಡುವ ಮೈದಾನ. ಬೆಳಗಾಗುವ ಮೊದಲು ಹುಲ್ಲು ಕತ್ತರಿಸಿ ಆಗ್ಬೇಕು, ಆಡುವವರು ಬರುವಾಗ ನಮ್ಮನ್ನು ಕಾಣ್ಬಾರ್ದು, ಮತ್ತೆ ಹಗಲಿಡೀ ಬಿಸಿಲಲ್ಲಿ ಆಚೆ ಬದಿಯ ಹುಲ್ಲು. ಕೊನೆಯವರೆಗೂ ಅದೇ ಕೆಲಸ. ಐದರದ್ದು ಇಂಥ ಹುಲ್ಲಿಗೆ ಸಾಲುದಿಲ್ಲ ಅಂತ ಅಂಗಡಿಯಲ್ಲೇ ಗೊತ್ತಿತ್ತು, ಹೇಳ್ಲಿಕ್ಕೆ ಆಗ್ಲಿಲ್ಲ, ಅದಕ್ಕೆ ಹತ್ತರದ್ದನ್ನು ನಾನೇ ದುಡ್ಡು ಕೊಟ್ಟು ತಂದದ್ದು."

ಪುಷ್ಪಾವತಿಗೆ ಮೊದಲು ಬಂದದ್ದು ನೆಮ್ಮದಿ. ಹೆಂಗಸಿಲ್ಲ, ತೋಟದ ಮನೆಯಿಲ್ಲ, ಫೋಟೋದ ಅಂಚಿನಲ್ಲಿ ಯಾರ ನೆರಳೂ ಇರಲಿಲ್ಲ. ನೋಡಬೇಕಾದದ್ದು ಅವನ ಕಾಲಡಿಯ ಹುಲ್ಲನ್ನೇ ಆಗಿತ್ತು. ಕಣ್ಣು ತುಂಬಿ ಬಂತು. ಅದರ ಬೆನ್ನಿಗೇ ಸಿಟ್ಟು ಬಂತು, ಆ ನೆಮ್ಮದಿಗಿಂತ ದೊಡ್ಡದು. "ಮತ್ತೆ ನನ್ನ ಹತ್ತಿರ ಯಾಕೆ ಹೇಳ್ಲಿಲ್ಲ? ನಾನು ಯಾರು ನಿಮಗೆ? ಊರಿನವಳಾ? ಎಷ್ಟು ವರ್ಷ ನಾನು ಎಂತೆಂತ ಯೋಚನೆ ಮಾಡಿದ್ದೇನೆ, ಗೊತ್ತುಂಟಾ ನಿಮಗೆ?"

"ಒಂದು ಸಲ ಹೇಳ್ಬೇಕು ಅಂತಲೇ ವಿಮಾನ ಹತ್ತಿದ್ದು," ಎಂದ ಮಹಾಬಲ. "ತೃಷಾ ಆಗ ಮೂರನೇ ಕ್ಲಾಸು. ಬಂದ ವಾರವೇ ನೆರೆಮನೆಯ ದಮಯಂತಿಯಲ್ಲಿ ಮದುವೆ. ಅವಳ ದೊಡ್ಡ ಅಳಿಯ ಮಸ್ಕತ್ತಿನಲ್ಲಿ ಮಾಲಿ ಅಂತ ಯಾರೋ ಹೇಳಿದ್ರು. ನೀನು ಊಟದ ಸಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, 'ಹುಲ್ಲು ಕೊಯ್ಲಿಕ್ಕೆ ಅಷ್ಟು ದೂರ ಎಂತಕ್ಕೆ ಹೋಗುದು, ನಮ್ಮ ಗದ್ದೆ ಬದುವಿನಲ್ಲಿ ಹುಲ್ಲಿರ್ಲಿಲ್ವಾ' ಅಂತ. ಸಾಲಿಡೀ ನಕ್ಕಿತು. ನಾನು ನಿನ್ನ ಬದಿಯ ಎಲೆಯಲ್ಲೇ ಕೂತಿದ್ದೆ."

ಪುಷ್ಪಾವತಿಗೆ ಆ ಊಟ ನೆನಪಿತ್ತು. ಆ ಮಾತು ನೆನಪಿರಲಿಲ್ಲ. ಆದರೆ ಅದು ತನ್ನದೇ ಮಾತು ಎಂಬುದರಲ್ಲಿ ಅವಳಿಗೆ ಒಂದು ಚೂರೂ ಸಂಶಯ ಬರಲಿಲ್ಲ.

"ನಿನ್ನ ಅಪ್ಪ, ಕೂತು ಮಾಡುವ ಕೆಲಸದವನಿಗೇ ಮಗಳನ್ನು ಕೊಡುದು ಅಂತ ಹೇಳಿದ್ರು. ನನ್ನ ಸೋದರಮಾವ, ಹುಡುಗ ಆಫೀಸಿನಲ್ಲೇ ಇರುದು ಅಂದುಬಿಟ್ರು. ನಾನು ಬಾಯಿ ಮುಚ್ಚಿಕೊಂಡೆ," ಎಂದ ಮಹಾಬಲ. ಮಿಷನಿನ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ. "ಈಗ ನೀನು ಒಂದು ಹೇಳು. ಗೊತ್ತಿದ್ದಿದ್ರೆ ನೀನು ಒಪ್ತಿದ್ದೆಯಾ?"

ಉತ್ತರ ಅವಳಿಗೆ ಗೊತ್ತಿತ್ತು. ಇಲ್ಲ. ಖಂಡಿತ ಇಲ್ಲ. ಅವಳ ಮನೆಯಲ್ಲಿ ಹುಲ್ಲು ಕೊಯ್ಯಲು ಕೆಲಸದವರು ಹಿಂಬಾಗಿಲಿನಿಂದ ಬರುತ್ತಿದ್ದರು, ಅವರಿಗೆ ಚಹಾ ಕೊಡುವ ಗ್ಲಾಸು ಕೂಡ ಬೇರೆ ಇತ್ತು. ಹಾಗೆ ಬೆಳೆದ ಹುಡುಗಿ ಆ ದಿನ ಮೂಗು ಮುರಿದು ಒಳಗೆ ಹೋಗುತ್ತಿದ್ದಳು. ಆಗ ತೃಷಾ ಇರುತ್ತಿರಲಿಲ್ಲ, ಈ ಮನುಷ್ಯನೂ ಇರುತ್ತಿರಲಿಲ್ಲ. ಸಿಟ್ಟು ಹೋಗಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ಇಡುವುದೆಂದು ತಿಳಿಯಲಿಲ್ಲ.

ಆಗಲೇ ಲಾನಿನ ಹಿಂದೆ ತಾನು ಮಲಗುವ ಕೋಣೆಯ ಬಾಗಿಲು ತೆರೆದು ರೋಶನ್ ಕಣ್ಣುಜ್ಜುತ್ತ ಬಂದ. ಮಿಷನಿನ ಸದ್ದಿಗೆ ಎಚ್ಚರವಾಗಿತ್ತು. ಅತ್ತೆ ಮಾವ ಇಬ್ಬರನ್ನೂ ನೋಡಿದ, ಬದಿಗೆ ಬಿದ್ದ ಪೆಟ್ಟಿಗೆ ನೋಡಿದ, ಕತ್ತರಿಸಿದ ಮೂರು ಸಾಲು ನೋಡಿದ. ಬಗ್ಗಿ ಹುಲ್ಲಿನ ಮೇಲೆ ಅಂಗೈ ಆಡಿಸಿದ.

"ಇದೆಂತ ಮಾರಾಯ್ರೇ, ಟಿ.ವಿ.ಯಲ್ಲಿ ಕಾಣುವ ಹಾಗೆ ಆಗಿದೆ! ಮಾವ, ನಿಮಗೆ ಈ ಕೆಲಸ ಹೇಗೆ ಬರ್ತದೆ?"

ಮಹಾಬಲ ಹಿಡಿ ಬಿಟ್ಟು ಲುಂಗಿ ಕೆಳಗಿಳಿಸಿದ. "ಅದು, ಯೂಟ್ಯೂಬಿನಲ್ಲಿ..." ಎಂದು ಶುರು ಮಾಡಿದ.

"ಎಂತ ಯೂಟ್ಯೂಬ್?" ಎಂದಳು ಪುಷ್ಪಾವತಿ. ಊಟದ ಸಾಲಿಡೀ ಕೇಳುವಂಥದೇ ದನಿ. "ಶಾರ್ಜಾದಲ್ಲಿ ಇವರು ಮಾಡಿದ್ದು ಇದೇ ಕೆಲಸ. ಈ ಕೆಲಸದಲ್ಲೇ ನಮ್ಮ ಮನೆ ಆದದ್ದು, ತೃಷಾ ಓದಿದ್ದು."

"ಆಫೀಸಲ್ವಾ?" ರೋಶನ್ ಬಾಯಿ ತೆರೆದ. "ಅಪ್ಪ ಯಾವಾಗಲೂ ಆಫೀಸು ಅಂತಲೇ..."

"ಆಫೀಸು ಅಂತ ಹೇಳಿದ್ದು ನಿನ್ನ ಅಜ್ಜನಿಗೆ. ಇಲ್ಲದಿದ್ರೆ ಅವರು ಒಪ್ಪುದುಂಟಾ? ನನಗೆ ಮದುವೆಗೆ ಮೊದಲೇ ಗೊತ್ತಿತ್ತು. ಹೋಗು, ಚಹಾ ಮಾಡಿ ತಾ. ನಿನ್ನ ಅಪ್ಪನಿಗೂ ಹೇಳು, ಬಂದು ನೋಡ್ಲಿ."

ರೋಶನ್ ತಲೆ ಕೆರೆದುಕೊಳ್ಳುತ್ತ ಒಳಗೆ ಹೋದ. ಮಹಾಬಲ ಹೆಂಡತಿಯ ಮುಖವನ್ನು ನೋಡಿದ, ಕಣ್ಣು ನೋಡಿದ, ತುಟಿ ನೋಡಿದ. ಅವಳು ಗೇಟಿನ ಹತ್ತಿರ ಮೀನನ್ನು ಬಿಸಿಲಿಗೆ ಹಿಡಿದು ನೋಡುವ ಹಾಗೆ ನೋಡಿದ. ಅಲ್ಲಿ ಏನೂ ಸಿಗಲಿಲ್ಲ.

"ಪುಷ್ಪಾ, ನಿಜವಾಗಿ ನಿನಗೆ ಮೊದಲೇ ಗೊತ್ತಿತ್ತಾ?"

"ಸಂಶಯ ಉಂಟಾ?" ಎಂದಳು ಪುಷ್ಪಾವತಿ, ಶಾಲು ಸರಿ ಮಾಡಿಕೊಳ್ಳುತ್ತ. "ಇದ್ರೆ ಇಟ್ಕೊಳ್ಳಿ. ಇಷ್ಟು ವರ್ಷ ನಾನು ಇಟ್ಕೊಳ್ಳಲಿಲ್ವಾ?"